ಒಂದೇ ಚಾಪೆಯ ಪಾಠ

ಕೋಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ಹೆದ್ದಾರಿಯಲ್ಲಿ, ನಡುದಾರಿಯಲ್ಲಿ ಸಿಗುವ ಊರು ಕಿಣತ್ತುಕಡವು. ಪೊನ್ಮಲೆಯ ಮೇಲಿನ ವೇಲಾಯುಧಸ್ವಾಮಿಯ ಗುಡಿ, ಟೊಮೇಟೊ ಬುಟ್ಟಿಗಳು ತುಂಬಿದ ತರಕಾರಿ ಮಂಡಿ, ಸುತ್ತ ತೆಂಗಿನ ತೋಟ. ದಾರಿಹೋಕರ ಕಣ್ಣಿಗೆ ಬೀಳುವುದು ಇಷ್ಟೇ. ಆದರೆ ಬೆಳಗಿನ ಎಂಟು ಗಂಟೆಗೆ ಈ ಊರಿನ ರಸ್ತೆಯ ಬದಿಯಲ್ಲಿ ನಿಂತು ನೋಡುವವರಿಗೆ ಇನ್ನೊಂದು ದೃಶ್ಯವೂ ಕಾಣಸಿಗುತ್ತದೆ. ಹಳದಿ ಬಣ್ಣದ ವ್ಯಾನುಗಳು ಒಂದಾದ ಮೇಲೊಂದು ಬಂದು ನಿಂತು, ಕೊರಳಪಟ್ಟಿ ಕಟ್ಟಿದ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತವೆ. ಅದೇ ರಸ್ತೆಯಂಚಿನಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡ ಬೇರೆ ಕೆಲವು ಮಕ್ಕಳು ಸರ್ಕಾರಿ ಶಾಲೆಯ ಕಡೆಗೆ ನಡೆದುಹೋಗುತ್ತಾರೆ. ಎರಡೂ ಗುಂಪಿನ ಮಕ್ಕಳು ಒಂದೇ ಊರಿನವರು. ಆದರೆ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು.

ಈ ದೃಶ್ಯವನ್ನು ನೋಡಿದಾಗಲೆಲ್ಲ ನನಗೆ ನಮ್ಮ ದೊಡ್ಡಪ್ಪನವರು ಹೇಳುತ್ತಿದ್ದ ಒಂದು ಸಂಗತಿ ನೆನಪಾಗುತ್ತದೆ. ನಮ್ಮದು ನೇಕಾರರ ಮನೆತನ. ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು. ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲು ದೊಡ್ಡಪ್ಪನವರು ಸಮೀಪದ ಹಳ್ಳಿಯೊಂದರ ಶಾಲೆಗೆ ಹೋಗುತ್ತಿದ್ದರು. ಒಳಗೆ ಚಾಪೆಯ ಮೇಲೆ ಇಪ್ಪತ್ತು ಹುಡುಗರು. ಹೊರಗೆ ಜಗಲಿಯ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಒಬ್ಬನೇ ಒಬ್ಬ ಹುಡುಗ. ಅವನು ಅರುಂಧತಿಯರ್ ಕೇರಿಯವನು. ಕೊಂಗುನಾಡಿನ ಆ ಸಮುದಾಯದಲ್ಲಿ ತೆಲುಗು ಮನೆಮಾತಿನವರೇ ಹೆಚ್ಚಾದರೂ ಕನ್ನಡ ಮನೆಮಾತಿನವರೂ ಇದ್ದಾರೆ. ಆ ಹುಡುಗನದು ಕನ್ನಡ.

"ಒಂದು ದಿನ ಮೇಷ್ಟ್ರು ತಮಿಳಿನಲ್ಲಿ ಮಗ್ಗಿ ಕೇಳಿದರು ಮಗು. ಹದಿನಾರೇಳಲ ಎಷ್ಟು? ನನಗೆ ಪ್ರಶ್ನೆಯೇ ಸರಿಯಾಗಿ ತಿಳಿಯಲಿಲ್ಲ. ಬೆತ್ತ ಮೇಲೇಳುವಷ್ಟರಲ್ಲಿ ಕಿಟಕಿಯ ಆಚೆಯಿಂದ ಅವನು ನಮ್ಮ ಮಾತಿನಲ್ಲೇ ಪಿಸುಗುಟ್ಟಿದ: ನೂರ ಹನ್ನೆರಡು ಅನ್ನು. ಅಂದು ಏಟು ತಪ್ಪಿತು" ಎಂದು ದೊಡ್ಡಪ್ಪ ನಗುತ್ತಿದ್ದರು. ಆಮೇಲೆ ನಗು ನಿಲ್ಲುತ್ತಿತ್ತು. ಕೆಲವು ತಿಂಗಳಾದ ಮೇಲೆ ತನಿಖೆಗೆ ಬಂದ ಅಧಿಕಾರಿಯೊಬ್ಬರು ಜಗಲಿಯ ಹುಡುಗನನ್ನು ಒಳಗೆ ಕೂರಿಸಬೇಕೆಂದು ಆಜ್ಞೆ ಮಾಡಿದರಂತೆ. ಮರುದಿನವೇ ನಮ್ಮ ಬೀದಿಯ ಹಿರಿಯರು ಕೂಡಿ ತಮ್ಮ ಮಕ್ಕಳನ್ನೆಲ್ಲ ಶಾಲೆಯಿಂದ ಬಿಡಿಸಿದರು. "ಎರಡು ತಿಂಗಳು ಸುಮ್ಮನಿದ್ದರೆ ಅವರೇ ದಾರಿಗೆ ಬರುತ್ತಾರೆ" ಎಂಬುದು ನಮ್ಮ ಅಜ್ಜನ ಲೆಕ್ಕ. ಅಧಿಕಾರಿ ಆಜ್ಞೆಯನ್ನು ಹಿಂದೆಗೆದುಕೊಳ್ಳಲಿಲ್ಲ. ಅಜ್ಜ ಹಟ ಬಿಡಲಿಲ್ಲ. ಒಂಬತ್ತು ವರ್ಷದ ದೊಡ್ಡಪ್ಪ ಮಗ್ಗಿ ಬಿಟ್ಟು ಮಗ್ಗಕ್ಕೆ ಕುಳಿತವರು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಜಗಲಿಯ ಹುಡುಗ ಓದು ಮುಂದುವರಿಸಿ, ಪೋತನೂರಿನಲ್ಲಿ ರೈಲ್ವೆ ಕೆಲಸಕ್ಕೆ ಸೇರಿದನೆಂದು ಆಮೇಲೆ ಕೇಳಿದರಂತೆ.

ಬೇರೆಯವರ ಮಗುವನ್ನು ದೂರವಿಡಲು ಹೋಗಿ ತಮ್ಮ ಮಗುವಿನ ಬಾಳನ್ನೇ ಮೊಟಕು ಮಾಡಿಕೊಂಡ ಈ ಕಥೆ ನಮ್ಮ ಮನೆಯದು ಮಾತ್ರವಲ್ಲ. ಇದೇ ಕಥೆ ಸಾವಿರಾರು ಮೈಲಿ ದೂರದ ಅಮೇರಿಕದಲ್ಲಿ ಒಂದು ರಾಷ್ಟ್ರದ ಅಳತೆಯಲ್ಲಿ ನಡೆದುಹೋಗಿದೆ. ಅಲ್ಲಿ ಪ್ರತ್ಯೇಕ ಶಾಲೆಗಳನ್ನು ಒಂದುಗೂಡಿಸಿದ್ದರಿಂದ ಏನಾಯಿತು, ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು ಎಂಬುದನ್ನು ವಿದ್ವಾಂಸರು ದಶಕಗಳ ಕಾಲ ಅಳೆದು ನೋಡಿದ್ದಾರೆ. ಆ ಅನುಭವ ನಮಗೂ ಪಾಠವಾಗಬಲ್ಲದು.

ಟೊಪೀಕದ ಬಾಲಕಿ

ಅಮೇರಿಕದಲ್ಲಿ ಗುಲಾಮಗಿರಿ ಕೊನೆಗಂಡ ಮೇಲೂ ಬಿಳಿಯರಿಗೆ ಒಂದು ಶಾಲೆ, ಕರಿಯರಿಗೆ ಇನ್ನೊಂದು ಶಾಲೆ ಎಂಬ ಏರ್ಪಾಡು ದಕ್ಷಿಣದ ರಾಜ್ಯಗಳಲ್ಲೆಲ್ಲ ಬೇರೂರಿತ್ತು. ಸೌಕರ್ಯ ಸಮಾನವಾಗಿದ್ದರೆ ಬೇರ್ಪಡಿಸುವುದು ತಪ್ಪಲ್ಲವೆಂದು ೧೮೯೬ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ, ರೈಲುಗಾಡಿಯ ಮೊಕದ್ದಮೆಯೊಂದರಲ್ಲಿ, ತೀರ್ಪು ನೀಡಿತ್ತು. ಬೇರ್ಪಡಿಸುವುದೇನೋ ತಪ್ಪದೆ ನಡೆಯಿತು. ಸಮಾನತೆ ಮಾತ್ರ ಎಲ್ಲಿಯೂ ಬರಲಿಲ್ಲ. ಕರಿಯ ಮಕ್ಕಳ ಶಾಲೆಗೆ ಬಿಳಿಯರ ಶಾಲೆಯಲ್ಲಿ ಹರಿದು ಹಳತಾದ ಪುಸ್ತಕಗಳು, ಇಕ್ಕಟ್ಟಾದ ಕೊಠಡಿಗಳು, ಕಡಮೆ ಸಂಬಳದ ಉಪಾಧ್ಯಾಯರು.

ಕ್ಯಾನ್ಸಸ್ ರಾಜ್ಯದ ಟೊಪೀಕ ಎಂಬ ಊರಿನಲ್ಲಿ ಲಿಂಡಾ ಬ್ರೌನ್ ಎಂಬ ಕರಿಯ ಬಾಲಕಿಯಿದ್ದಳು. ಮನೆಯ ಹತ್ತಿರವೇ ಶಾಲೆಯಿದ್ದರೂ ಅದು ಬಿಳಿಯರದು. ರೈಲುಹಳಿಗಳನ್ನು ದಾಟಿ ನಡೆದು, ಬಸ್ಸು ಹಿಡಿದು ಅವಳು ದೂರದ ಕರಿಯರ ಶಾಲೆಗೆ ಹೋಗಬೇಕಾಗಿತ್ತು. ಅವಳ ತಂದೆ ಹೂಡಿದ ಮೊಕದ್ದಮೆಯನ್ನು ಇತರ ರಾಜ್ಯಗಳ ಇಂಥವೇ ಮೊಕದ್ದಮೆಗಳ ಜೊತೆಗೆ ಸೇರಿಸಿ ಸರ್ವೋಚ್ಚ ನ್ಯಾಯಾಲಯ ವಿಚಾರಣೆ ನಡೆಸಿತು. ಕರಿಯರ ಪರವಾಗಿ ವಾದಿಸಿದವರು ತರ್ಗುಡ್ ಮಾರ್ಷಲ್. ಮುಂದೆ ೧೯೬೭ರಲ್ಲಿ ಅದೇ ನ್ಯಾಯಾಲಯದ ಮೊದಲ ಕರಿಯ ನ್ಯಾಯಮೂರ್ತಿಯಾದವರು.

ಆ ವಿಚಾರಣೆಯಲ್ಲಿ ಪ್ರಸ್ತಾಪವಾದ ಒಂದು ಪ್ರಯೋಗ ಹೆತ್ತವರ ಮನಸ್ಸನ್ನು ಕಲಕುವಂಥದು. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಗಳು ಕರಿಯ ಮಕ್ಕಳ ಮುಂದೆ ಬಿಳಿಯ ಬೊಂಬೆ, ಕಂದು ಬೊಂಬೆ ಎರಡನ್ನೂ ಇಟ್ಟು ಯಾವುದು ಒಳ್ಳೆಯದು, ಯಾವುದು ಕೆಟ್ಟದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಒಳ್ಳೆಯದೆಂದು ತೋರಿಸಿದ್ದು ಬಿಳಿಯ ಬೊಂಬೆಯನ್ನು. ತನ್ನನ್ನು ಹೋಲುವ ಬೊಂಬೆಯೇ ಕೆಟ್ಟದ್ದೆಂದು ಎಳೆಯ ಮಗು ನಂಬುವಂತೆ ಮಾಡಿದ ವ್ಯವಸ್ಥೆ ಎಂಥದಿರಬೇಕು! ೧೯೫೪ರ ಮೇ ೧೭ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಅವರು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಒಮ್ಮತದ ತೀರ್ಪನ್ನು ಓದಿದರು: ಸಾರ್ವಜನಿಕ ಶಿಕ್ಷಣದಲ್ಲಿ ಬೇರ್ಪಡಿಸಿದ ಶಾಲೆಗಳು ಸ್ವಭಾವತಃ ಅಸಮಾನ, ಅವುಗಳಿಗೆ ಸಂವಿಧಾನದಲ್ಲಿ ಸ್ಥಾನವಿಲ್ಲ.

ತೀರ್ಪಿನಿಂದ ತರಗತಿಯವರೆಗೆ

ತೀರ್ಪು ಬರೆದಷ್ಟು ಸುಲಭವಾಗಿ ಬಾಗಿಲು ತೆರೆಯಲಿಲ್ಲ. ೧೯೫೭ರಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರದ ಪ್ರೌಢಶಾಲೆಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಹೊರಟಾಗ ರಾಜ್ಯಪಾಲನೇ ಸಶಸ್ತ್ರ ಪಡೆಯನ್ನು ನಿಲ್ಲಿಸಿ ತಡೆದನು. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನು ಕಳುಹಿಸಿ ಆ ಮಕ್ಕಳನ್ನು ತರಗತಿಗೆ ಸೇರಿಸಬೇಕಾಯಿತು. ೧೯೬೦ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಆರು ವರ್ಷದ ರೂಬಿ ಬ್ರಿಜಸ್ ಎಂಬ ಬಾಲಕಿ ಸರ್ಕಾರದ ಅಂಗರಕ್ಷಕರ ನಡುವೆ ಶಾಲೆಗೆ ಬಂದಳು. ಬಿಳಿಯ ಪಾಲಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ವರ್ಷವಿಡೀ ಬಾರ್ಬರಾ ಹೆನ್ರಿ ಎಂಬ ಒಬ್ಬ ಉಪಾಧ್ಯಾಯಿನಿ ಆ ಒಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರು.

ಎಲ್ಲಕ್ಕಿಂತ ವಿಚಿತ್ರವಾದುದು ವರ್ಜೀನಿಯ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಎಂಬ ಜಿಲ್ಲೆಯಲ್ಲಿ ನಡೆದುದು. ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯನ್ನೇ ಮುಚ್ಚುವುದು ಮೇಲೆಂದು ಅಲ್ಲಿನ ಆಡಳಿತ ೧೯೫೯ರಲ್ಲಿ ಸಾರ್ವಜನಿಕ ಶಾಲೆಗಳಿಗೆಲ್ಲ ಬೀಗ ಹಾಕಿತು. ಬಿಳಿಯರು ಖಾಸಗಿ ಶಾಲೆ ತೆರೆದುಕೊಂಡರು. ಕರಿಯ ಮಕ್ಕಳಿಗೆ ೧೯೬೪ರವರೆಗೆ, ಐದು ವರ್ಷ, ಆ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯೇ ಇರಲಿಲ್ಲ. ಈ ವೃತ್ತಾಂತವನ್ನು ಓದಿದಾಗ ನಮ್ಮ ಅಜ್ಜನ ಹಟ ನನಗೆ ಕಣ್ಣಿಗೆ ಕಟ್ಟಿತು.

ಪರಿಣಾಮಗಳ ಲೆಕ್ಕ

ತೀರ್ಪು ಬಂದು ಸುಮಾರು ಹತ್ತು ವರ್ಷವಾದರೂ, ೧೯೬೩-೬೪ರಲ್ಲಿ, ದಕ್ಷಿಣದ ರಾಜ್ಯಗಳ ಕರಿಯ ಮಕ್ಕಳಲ್ಲಿ ಬಿಳಿಯರೊಡನೆ ಓದುತ್ತಿದ್ದವರು ನೂರಕ್ಕೆ ೨ರಷ್ಟೂ ಇರಲಿಲ್ಲ. ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆ ಬಂದು, ಭೇದ ಮಾಡುವ ಶಾಲೆಗಳಿಗೆ ಕೇಂದ್ರದ ಹಣ ನಿಲ್ಲುತ್ತದೆಂದು ಖಚಿತವಾದ ಮೇಲೆಯೇ ಬಾಗಿಲುಗಳು ತೆರೆದವು. ೧೯೭೧ರಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕರೆದೊಯ್ಯುವ ಏರ್ಪಾಡಿಗೂ ನ್ಯಾಯಾಲಯದ ಸಮ್ಮತಿ ದೊರೆಯಿತು. ೧೯೮೦ರ ದಶಕದ ಕೊನೆಯ ವೇಳೆಗೆ ದಕ್ಷಿಣದ ಕರಿಯ ಮಕ್ಕಳಲ್ಲಿ ನೂರಕ್ಕೆ ೪೦ಕ್ಕಿಂತ ಹೆಚ್ಚು ಮಂದಿ ಬಿಳಿಯರು ಬಹುಸಂಖ್ಯಾತರಾಗಿದ್ದ ಶಾಲೆಗಳಲ್ಲಿ ಓದುತ್ತಿದ್ದರು.

ಇದರಿಂದ ಆದ ಫಲವೇನು? ರಕರ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಆ ಕಾಲದ ಮಕ್ಕಳು ಬೆಳೆದು ನಡುವಯಸ್ಸಿಗೆ ಬರುವವರೆಗಿನ ಜೀವನದ ದಾಖಲೆಗಳನ್ನು ಹಿಡಿದು ಪರಿಶೀಲಿಸಿದ್ದಾರೆ. ಒಂದುಗೂಡಿದ ಶಾಲೆಯಲ್ಲಿ ಓದಿದ ಕರಿಯ ಮಕ್ಕಳು ಹೆಚ್ಚು ವರ್ಷ ಓದಿದರು, ದೊಡ್ಡವರಾದ ಮೇಲೆ ಹೆಚ್ಚು ಗಳಿಸಿದರು, ಸೆರೆಮನೆ ಕಂಡವರು ಕಡಮೆ, ಆರೋಗ್ಯವೂ ಉತ್ತಮ. ಅದೇ ಶಾಲೆಗಳಲ್ಲಿ ಓದಿದ ಬಿಳಿಯ ಮಕ್ಕಳಿಗೆ ಹಾನಿಯಾದ ಕುರುಹು ಕಾಣಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ಬಿಳಿಯ ಮಗುವಿನ ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಈ ಪವಾಡ ನಡೆಯಲಿಲ್ಲ. ಮಕ್ಕಳು ಒಂದುಗೂಡಿದಾಗ ಅವರ ಮೇಲೆ ವೆಚ್ಚವಾಗುವ ಹಣ ಹೆಚ್ಚಿತು, ತರಗತಿಗಳು ಚಿಕ್ಕವಾದವು. ಪ್ರಬಲರ ಮಕ್ಕಳಿರುವ ಶಾಲೆಯನ್ನು ಯಾವ ಸರ್ಕಾರವೂ ಅಲಕ್ಷಿಸಲಾರದು.

ನಷ್ಟದ ಪುಟವನ್ನೂ ತೆರೆದು ನೋಡಬೇಕು. ಶಾಲೆಗಳು ಒಂದಾದಾಗ ಮುಚ್ಚಿದವು ಹೆಚ್ಚಾಗಿ ಕರಿಯರ ಶಾಲೆಗಳೇ. ಹದಿನೇಳು ರಾಜ್ಯಗಳಲ್ಲಿ ಸುಮಾರು ೩೮,೦೦೦ ಮಂದಿ ಕರಿಯ ಉಪಾಧ್ಯಾಯರೂ ಮುಖ್ಯೋಪಾಧ್ಯಾಯರೂ ೧೯೬೫ರೊಳಗೆ ಕೆಲಸ ಕಳೆದುಕೊಂಡರೆಂಬುದು ಒಂದು ಅಂದಾಜು. ಮಗುವಿನ ಹೆಸರು ಹಿಡಿದು ಕರೆದು, ನೀನು ಓದಬಲ್ಲೆ ಎನ್ನುತ್ತಿದ್ದ ತಮ್ಮವರೇ ಆದ ಗುರುಗಳು ಒಂದು ಪೀಳಿಗೆಗೆ ಇಲ್ಲವಾದರು. ಇನ್ನೊಂದು ಕಡೆ, ಬಿಳಿಯ ಕುಟುಂಬಗಳು ನಗರವನ್ನು ಬಿಟ್ಟು ಹೊರವಲಯಕ್ಕೆ ಹೋಗಿ ನೆಲೆಸಿದವು. ಆ ಹೊರವಲಯದ ಶಾಲೆಗಳನ್ನು ನಗರದ ಶಾಲೆಗಳೊಡನೆ ಬೆಸೆಯುವಂತಿಲ್ಲವೆಂದು ೧೯೭೪ರಲ್ಲಿ, ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಐದು-ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಕಾನೂನು ಕೆಡವಿದ ಗೋಡೆಯನ್ನು ಮನೆ ಬದಲಾಯಿಸುವ ಮೂಲಕ ಜನ ಮತ್ತೆ ಕಟ್ಟಿಕೊಂಡರು. ೧೯೯೦ರ ಅನಂತರ ಗಳಿಸಿದ್ದರಲ್ಲಿ ಒಂದು ಪಾಲು ಕೈಜಾರಿತು.

ನಮ್ಮ ನೆಲದ ಇತಿಹಾಸ

ಅಮೇರಿಕಕ್ಕಿಂತ ಬಹಳ ಮೊದಲೇ ಕನ್ನಡನಾಡಿನಲ್ಲಿ ಈ ಪ್ರಶ್ನೆ ಎದ್ದಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ೧೯೧೫ರಲ್ಲಿ ಶೃಂಗೇರಿಯ ಶಾಲೆಗೆ ಪಂಚಮರೆನಿಸಿಕೊಂಡಿದ್ದವರ ಮಕ್ಕಳ ಪ್ರವೇಶಕ್ಕೆ ಮೈಸೂರು ಸರ್ಕಾರ ಒಪ್ಪಿಗೆ ಕೊಟ್ಟಾಗ ಮೇಲ್ಜಾತಿಯ ಪಾಲಕರು ತಮ್ಮ ಮಕ್ಕಳನ್ನು ಬಿಡಿಸಿದರು. ಆದರೂ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಹಿಂಜರಿಯಲಿಲ್ಲ. ಸಿ. ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಆ ದಶಕದ ಕೊನೆಯ ಹೊತ್ತಿಗೆ ಸಂಸ್ಥಾನದ ಸರ್ಕಾರಿ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕೆಂಬ ನೀತಿ ಸ್ಥಿರವಾಯಿತು.

ಮಂಗಳೂರಿನ ಕುದ್ಮುಲ್ ರಂಗರಾಯರ ಹೆಸರನ್ನು ಗಡಿನಾಡಿನ ಕನ್ನಡಿಗರು ಮರೆಯುವಂತಿಲ್ಲ. ೧೮೫೯ರಲ್ಲಿ ಕಾಸರಗೋಡಿನ ಕಡೆಯಲ್ಲಿ ಹುಟ್ಟಿದ ಈ ವಕೀಲರು ೧೮೯೨ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ೧೮೯೭ರಲ್ಲಿ ಅವರ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿದರು. ಸ್ವಜಾತಿಯವರ ಬಹಿಷ್ಕಾರ ಅವರಿಗೆ ದೊರೆತ ಬಹುಮಾನ. ಅವರ ಮಗಳು ರಾಧಾಬಾಯಿ ಕೊಂಗುನಾಡಿನ ಕುಮಾರಮಂಗಲದ ಜಮೀನ್ದಾರರಾದ, ಮುಂದೆ ೧೯೨೬ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದ ಪಿ. ಸುಬ್ಬರಾಯನ್ ಅವರನ್ನು ಜಾತಿಯ ಎಲ್ಲೆ ಮೀರಿ ಮದುವೆಯಾದರು. ಅವರ ಮಗಳು ಪಾರ್ವತಿ ಕೃಷ್ಣನ್ ನಮ್ಮ ಕೋಯಮತ್ತೂರು ಕ್ಷೇತ್ರವನ್ನೇ ಲೋಕಸಭೆಯಲ್ಲಿ ಪ್ರತಿನಿಧಿಸಿದರು. ಮಂಗಳೂರಿನ ಒಂದು ಜಗಲಿಯಲ್ಲಿ ಹಚ್ಚಿದ ದೀಪದ ಬೆಳಕು ನೊಯ್ಯಲ್ ನದಿಯ ದಡದವರೆಗೆ ಬಂದುದು ಹೀಗೆ.

ಮದರಾಸು ಪ್ರಾಂತದಲ್ಲಿ ಕಾನೂನಿನ ಪ್ರಕಾರ ಯಾವ ಮಗುವನ್ನೂ ಶಾಲೆಯಿಂದ ದೂರವಿಡುವಂತಿರಲಿಲ್ಲ. ಆದರೆ ಶಾಲೆ ನಡೆಯುತ್ತಿದ್ದುದು ಅಗ್ರಹಾರದಲ್ಲೋ ಚಾವಡಿಯಲ್ಲೋ ಗುಡಿಯ ಜಗಲಿಯಲ್ಲೋ ಆಗಿದ್ದರೆ ಆ ಮಗು ಒಳಗೆ ಬರುವುದಾದರೂ ಹೇಗೆ? ಅದಕ್ಕಾಗಿ ಸರ್ಕಾರ ಕೇರಿಗಳಲ್ಲಿ ಬೇರೆ ಶಾಲೆಗಳನ್ನು ತೆರೆಯಿತು. ಅಕ್ಷರವೇನೋ ಸಿಕ್ಕಿತು, ಬೇರ್ಪಾಡು ಉಳಿಯಿತು. ಇದರ ನಡುವೆ ನಮ್ಮ ಜಿಲ್ಲೆಯಲ್ಲಿ ಟಿ. ಎಸ್. ಅವಿನಾಶಿಲಿಂಗಂ ಅವರು ೧೯೩೦ರಲ್ಲಿ ಸ್ಥಾಪಿಸಿದ ರಾಮಕೃಷ್ಣ ವಿದ್ಯಾಲಯ ಹರಿಜನ ಬಾಲಕನನ್ನು ಮೊದಲಿಗೇ ಸೇರಿಸಿಕೊಂಡು ಬೇರೆ ದಾರಿ ತೋರಿತು.

೧೯೫೪ರ ಮೇ ತಿಂಗಳು ನಮಗೂ ಮುಖ್ಯವಾದುದು. ಹಿಂದಿನ ವರ್ಷ ರಾಜಾಜಿಯವರು ತಂದಿದ್ದ, ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಕಲಿತು ಉಳಿದ ಹೊತ್ತು ತಂದೆಯ ಕಸುಬು ಕಲಿಯಬೇಕೆಂಬ ಯೋಜನೆಯನ್ನು, ಟೊಪೀಕದ ತೀರ್ಪು ಹೊರಬಿದ್ದ ಆ ತಿಂಗಳಲ್ಲೇ ಕಾಮರಾಜರ ಸಂಪುಟ ಕೈಬಿಟ್ಟಿತು. ಶಿಕ್ಷಣ ಖಾತೆ ಆಗ ನಮ್ಮ ನೆರೆಯ ಪೊಳ್ಳಾಚಿಯ ಸಿ. ಸುಬ್ರಹ್ಮಣ್ಯಂ ಅವರ ಕೈಯಲ್ಲಿತ್ತು. ನೇಕಾರನ ಮಗ ನೇಕಾರನೇ, ಚಮ್ಮಾರನ ಮಗ ಚಮ್ಮಾರನೇ ಆಗಬೇಕಿಲ್ಲವೆಂಬುದು ಅಂದು ನಿಶ್ಚಿತವಾಯಿತು. ಮುಂದೆ ಮಧ್ಯಾಹ್ನದ ಊಟದ ಯೋಜನೆ ಬಂದು, ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣತೊಡಗಿದರು. ನೂರು ಭಾಷಣಗಳಿಂದ ಆಗದ ಕೆಲಸವನ್ನು ಆ ಒಂದು ಪಂಕ್ತಿ ಮಾಡಿತು.

ಬಣ್ಣವೂ ಜಾತಿಯೂ

ಅಮೇರಿಕದ ವರ್ಣಭೇದವೂ ನಮ್ಮ ಜಾತಿಭೇದವೂ ಒಂದೇ ಅಲ್ಲವೆಂಬುದು ನಿಜ. ಆದರೂ ಇಬ್ಬರ ನೋವೂ ಒಂದನ್ನೊಂದು ಗುರುತಿಸಿಕೊಂಡದ್ದುಂಟು. ಸಾತಾರೆಯ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತು ಓದಿದ ಅಂಬೇಡ್ಕರರು ಮುಂದೆ ನ್ಯೂಯಾರ್ಕಿನಲ್ಲಿ ಕಲಿತು, ೧೯೪೬ರಲ್ಲಿ ಕರಿಯರ ನಾಯಕ ಡುಬೋಯ್ಸ್ ಅವರಿಗೆ ಪತ್ರ ಬರೆದರು. ೧೯೫೯ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ತಿರುವನಂತಪುರದ ಶಾಲೆಯೊಂದಕ್ಕೆ ಹೋದಾಗ, ಅಮೇರಿಕದಿಂದ ಬಂದ ನಿಮ್ಮಂಥವರೇ ಆದ ಅಸ್ಪೃಶ್ಯರು ಎಂದು ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರ ಪರಿಚಯ ಮಾಡಿಸಿದರಂತೆ. ಮೊದಲು ಚುರುಕೆಂದಿತು, ಆಮೇಲೆ ಅದು ನಿಜವೆನಿಸಿತೆಂದು ಕಿಂಗ್ ಅವರೇ ಹೇಳಿಕೊಂಡಿದ್ದಾರೆ.

ನಮ್ಮ ಪಾಲಿನ ಸಂಕಟ ಇನ್ನೂ ಸೂಕ್ಷ್ಮವಾದುದು. ಟೊಪೀಕದಲ್ಲಿ ಮಕ್ಕಳ ಮೈಬಣ್ಣ ಬೇರೆಯಿತ್ತು. ಕಿಟಕಿಯ ಒಳಗಿದ್ದ ದೊಡ್ಡಪ್ಪನಿಗೂ ಹೊರಗಿದ್ದ ಹುಡುಗನಿಗೂ ಬಣ್ಣ ಒಂದೇ, ಮನೆಯಲ್ಲಾಡುವ ಮಾತೂ ಒಂದೇ. ಪರಭಾಷೆಯ ನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಸಭೆ ಸೇರುವ ನಾವು, ಆ ಕನ್ನಡಿಗನನ್ನು ಎಂದಾದರೂ ನಮ್ಮವನೆಂದು ಎಣಿಸಿದೆವೇ?

ಇಂದಿನ ಜಗಲಿ

ಅದೆಲ್ಲ ಹಳೆಯ ಕಥೆಯೆಂದು ಸಮಾಧಾನಪಡುವಂತಿಲ್ಲ. ೨೦೧೮ರ ಜುಲೈಯಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿಯ ಬಳಿ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅರುಂಧತಿಯರ್ ಸಮುದಾಯದ ಹೆಂಗಸು ಅಡಿಗೆ ಮಾಡಬಾರದೆಂದು ಕೆಲವು ಪಾಲಕರು ತಡೆದರು. ಮೊದಲು ಅಧಿಕಾರಿಗಳು ಆಕೆಯನ್ನೇ ವರ್ಗ ಮಾಡಿದರು; ಜನ ಪ್ರತಿಭಟಿಸಿದ ಮೇಲೆ ವರ್ಗಾವಣೆ ರದ್ದಾಗಿ, ತಡೆದವರ ಮೇಲೆ ಮೊಕದ್ದಮೆ ದಾಖಲಾಯಿತು. ೨೦೨೩ರಲ್ಲಿ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯ ಮೇಲೆ ಸಹಪಾಠಿಗಳೇ ಹಲ್ಲೆ ನಡೆಸಿದ ಮೇಲೆ ತಮಿಳುನಾಡು ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ, ೨೦೨೪ರಲ್ಲಿ ವರದಿ ಒಪ್ಪಿಸಿ, ಶಾಲೆಗಳ ಹೆಸರಿನಿಂದ ಜಾತಿಸೂಚಕ ಪದಗಳನ್ನು ತೆಗೆಯಬೇಕು, ಮಕ್ಕಳು ಕೈಗೆ ಜಾತಿಯ ಬಣ್ಣದ ದಾರ ಕಟ್ಟುವುದನ್ನು ನಿಲ್ಲಿಸಬೇಕು ಎಂದು ಸಲಹೆ ಮಾಡಿತು. ಆಶಾದಾಯಕ ಸಂಗತಿಗಳೂ ಉಂಟು. ೨೦೦೯ರಲ್ಲಿ ಅರುಂಧತಿಯರಿಗೆ ನೂರಕ್ಕೆ ೩ರ ಒಳಮೀಸಲಾತಿ ದೊರೆಯಿತು. ಇಂಥ ಒಳವರ್ಗೀಕರಣವನ್ನು ಭಾರತದ ಸರ್ವೋಚ್ಚ ನ್ಯಾಯಾಲಯ ೨೦೨೪ರ ಆಗಸ್ಟಿನಲ್ಲಿ ಎತ್ತಿಹಿಡಿಯಿತು.

ಆದರೆ ಕಾನೂನಿನ ಕೈಗೆ ಸಿಗದ ಬೇರ್ಪಾಡೊಂದು ಪ್ರತಿ ದಿನ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ರಸ್ತೆಯಲ್ಲೇ ನಡೆಯುತ್ತಿದೆ. ಹಣವುಳ್ಳವರ ಮಕ್ಕಳೆಲ್ಲ ವ್ಯಾನು ಹತ್ತಿದ ಮೇಲೆ ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಯಾರು? ಅಲ್ಲಿ ಉಪಾಧ್ಯಾಯರ ಸ್ಥಾನ ಖಾಲಿ ಬಿದ್ದರೆ, ಶೌಚಾಲಯಕ್ಕೆ ನೀರು ಬಾರದಿದ್ದರೆ, ಕೇಳುವ ದನಿ ಯಾರದು? ಡೆಟ್ರಾಯಿಟಿನ ಬಿಳಿಯರು ಮನೆ ಬದಲಾಯಿಸಿ ಮಾಡಿದ್ದನ್ನು ನಾವು ವ್ಯಾನಿನ ಬಾಡಿಗೆ ಕೊಟ್ಟು ಮಾಡುತ್ತಿದ್ದೇವೆ. ಇದನ್ನು ಬರೆಯುತ್ತಿರುವ ನನ್ನ ಮಕ್ಕಳೂ ಆ ವ್ಯಾನಿನಲ್ಲೇ ಹೋದವರು. ಇಂಗ್ಲಿಷು ಬೇಕು, ಒಳ್ಳೆಯ ಕೆಲಸ ಬೇಕು ಎಂಬ ಹಂಬಲ ತಪ್ಪಲ್ಲ. ಆದರೆ ಯಾವ ಮಕ್ಕಳ ಜೊತೆಗೆ ಬೆರೆಯಬಾರದೆಂಬ ಅಳುಕು ಆ ಹಂಬಲದೊಳಗೆ ಎಷ್ಟು ಪಾಲು ಸೇರಿದೆಯೆಂಬುದನ್ನು ಪ್ರತಿಯೊಬ್ಬ ತಾಯಿತಂದೆಯೂ ಮನಸ್ಸು ಮುಟ್ಟಿ ಕೇಳಿಕೊಳ್ಳಬೇಕು.

ಎಲ್ಲರೂ ನಾಳೆಯೇ ಮಕ್ಕಳ ಶಾಲೆ ಬದಲಿಸಲಾರರು. ಆದರೆ ಊರಿನ ಶಾಲೆ ನಮ್ಮದೂ ಹೌದೆಂದು ಆಗಾಗ ಅಲ್ಲಿಗೆ ಹೋಗಿ ಬರಬಹುದು, ಅಲ್ಲಿನ ಕೊರತೆಗಳಿಗಾಗಿ ಪಂಚಾಯತಿಯಲ್ಲಿ ದನಿ ಎತ್ತಬಹುದು, ಮಗುವಿನ ಗೆಳೆಯ ಮನೆಗೆ ಬಂದಾಗ "ಯಾವ ಬೀದಿಯವನು?" ಎಂಬ ಪ್ರಶ್ನೆಯನ್ನು ನುಂಗಿಕೊಂಡು ಎಲೆ ಹಾಕಬಹುದು.

ದೊಡ್ಡಪ್ಪನವರ ಕೊನೆಯ ದಿನಗಳ ಒಂದು ಸಂಜೆ. ಮೊಮ್ಮಗಳ ಜೊತೆ ಲೆಕ್ಕ ಮಾಡಲು ಅವಳ ಗೆಳತಿಯೊಬ್ಬಳು ಬಂದಿದ್ದಳು. ಕೇರಿಯ ಹುಡುಗಿ. ಅಭ್ಯಾಸಬಲದಿಂದ ಅವಳು ಜಗಲಿಯಲ್ಲೇ ಕುಳಿತಳು. ದೊಡ್ಡಪ್ಪ ಕೋಲೂರಿಕೊಂಡು ಎದ್ದು, ನಡುಮನೆಯಲ್ಲಿ ತಾವೇ ಚಾಪೆ ಬಿಡಿಸಿ, "ಒಳಗೆ ಬಾ ತಾಯಿ, ಇಲ್ಲಿ ಬೆಳಕಿದೆ" ಎಂದು ಕನ್ನಡದಲ್ಲಿ ಕರೆದರು. ಹುಡುಗಿ ಬಂದು ಕುಳಿತ ಮೇಲೆ ಕೇಳಿದರು: "ಹದಿನಾರೇಳಲ ಎಷ್ಟಮ್ಮಾ?"

"ನೂರ ಹನ್ನೆರಡು, ತಾತ" ಎಂದಳು.

ದೊಡ್ಡಪ್ಪ ತಲೆದೂಗಿ, ಬಹಳ ಹೊತ್ತು ಆ ಚಾಪೆಯ ಅಂಚಿನಲ್ಲೇ ಕುಳಿತಿದ್ದರು.